ದೇವಿಕೊಪ್ಪಕ್ಕೆ ಮರಳಿದ ಕಾರ್ಡಿನಲ್

ಮೈಲಾರವ್ವ ಶವಪೆಟ್ಟಿಗೆಯ ಮೇಲಿದ್ದ ಕೆಂಪು ಟೊಪ್ಪಿಗೆಯನ್ನು ಎತ್ತಿ, ಅತ್ತಿತ್ತ ತಿರುವಿ ನೋಡಿದಳು.

“ಇಡಬೇ ಕೆಳಗ, ಮಂದಿ ನೋಡಾಕತ್ತಾರ,” ಎಂದ ಮಗ ಬೀರೇಶ.

“ಬಸ್ತಪ್ಪಾರು ಇದನ್ನ ಒಂದಿನಾನೂ ಹಾಕ್ಕೊಂಡಿದ್ದಿಲ್ಲ ನೋಡು.”

ಕಾರ್ಡಿನಲ್ ಸೆಬಾಸ್ಟಿಯನ್ನರು ದೇವಿಕೊಪ್ಪದ ಬಾಯಲ್ಲಿ ಬಸ್ತಪ್ಪನವರು. ಆರು ವರ್ಷದಿಂದ ಇಗರ್ಜಿಯ ಹಿಂದಿನ ಕೋಣೆಯಲ್ಲಿದ್ದು, ದಿನಾ ಮುಂಜಾನೆ ಮೈಲಾರವ್ವನ ಕುರಿದೊಡ್ಡಿಗೆ ಬಂದು ಕೂಡುತ್ತಿದ್ದವರಿಗಾಗಿ ಇಷ್ಟೊಂದು ಕಾರುಗಳು ಬಂದದ್ದು ಅವಳಿಗೆ ಸೋಜಿಗ. ಪಕ್ಕದಲ್ಲಿದ್ದ ತರುಣ ಪಾದ್ರಿಯನ್ನು ಕೇಳಿದಳು.

“ಕಾರ್ಡಿನಲ್ ಅಂದ್ರ ಏನ್ರೀ ಯಪ್ಪಾ?”

“ಪೋಪರನ್ನ ಆರಿಸವ್ರು, ಅಜ್ಜಿ. ರೋಮಿನ್ಯಾಗ ಬಾಗಲಾ ಹಾಕ್ಕೊಂಡು ಓಟ್ ಹಾಕ್ತಾರ. ಇವರೂ ಹಾಕ್ಯಾರ.”

“ಬೆರಳಿಗೆ ಮಸಿ ಹಚ್ತಾರೇನ್ರಿ?”

ಪಾದ್ರಿ ನಗು ತಡೆದುಕೊಂಡ. “ಇಲ್ರಿ. ನೀವೊಂದು ಹೇಳ್ರಿ. ಶಹರದಾಗಿನ ಬಂಗ್ಲೆ ಬಿಟ್ಟು ಇಲ್ಲಿಗ್ಯಾಕ ಬಂದ್ರು? ನಮಗ್ಯಾರಿಗೂ ಹೇಳಲಿಲ್ಲ.”

ಮೈಲಾರವ್ವ ಮಗನ ಕಡೆ ನೋಡಿ, ಟೊಪ್ಪಿಗೆಯನ್ನು ಮೊದಲಿನಂತೆ ಪೆಟ್ಟಿಗೆಯ ಮೇಲಿಟ್ಟಳು.

*

ಐವತ್ತು ವರ್ಷದ ಹಿಂದೆ ಊರಲ್ಲಿದ್ದ ಒಂದೇ ಜೀಪು, ಆಗಿನ್ನೂ ಹೊಸ ಪಾದ್ರಿಯಾಗಿದ್ದ ಬಸ್ತಪ್ಪನವರದು. ಗಂಡ ಹನಮಂತಪ್ಪನಿಗೆ ಹಾವು ಕಚ್ಚಿದಾಗ, ಬಸುರಿ ಮೈಲಾರವ್ವ ಇಗರ್ಜಿಗೆ ಓಡಿದ್ದಳು.

“ಬಿಷಪ್ಪರನ್ನ ಕರಕೊಂಬರಬೇಕು. ಅರ್ಧಾ ತಾಸು ತಡಿ,” ಎಂದು ಹೋದವರು ಬಂದದ್ದು ಮೂರು ತಾಸಿಗೆ. ಅಷ್ಟರಲ್ಲಿ ಹನಮಂತಪ್ಪ ಕಲಘಟಗಿಯ ಆಸ್ಪತ್ರೆಯ ದಾರಿಯಲ್ಲಿ, ಚಕ್ಕಡಿಯಲ್ಲೇ ತೀರಿಕೊಂಡಿದ್ದ. ಮರುವರ್ಷ ಪಾದ್ರಿಗೆ ವರ್ಗವಾಯಿತು. ಮುಂದೆ ಬಿಷಪ್ಪರಾದರು, ಆರ್ಚ್‌ಬಿಷಪ್ಪರಾದರು, ಕಾರ್ಡಿನಲ್ ಆದರು. ಬೀರೇಶನಿಗೆ ಅಪ್ಪ ಹಾವು ಕಚ್ಚಿ ಸತ್ತದ್ದಷ್ಟೇ ಗೊತ್ತು. ಜೀಪಿನ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆರು ವರ್ಷದ ಹಿಂದೆ ಒಂದು ಮುಂಜಾನೆ ಮುದುಕರೊಬ್ಬರು ಕೋಲೂರಿಕೊಂಡು ಬಂದು ಅಂಗಳದಲ್ಲಿ ನಿಂತರು.

“ಆವತ್ತು ಬಿಷಪ್ಪರು ಸಿಟ್ಟಾದಾರು ಅಂತ ಅಂಜಿದ್ದೆ, ತಂಗಿ. ನಿನಗ ಅಂಜಬೇಕಿತ್ತು.”

ಅವಳು ಬೆನ್ನು ತಿರುಗಿಸಿ ಕುರಿ ಬಿಡಲು ದೊಡ್ಡಿಗೆ ಹೋದಳು. ಅವರು ದಿನಾ ಬಂದರು. ದೊಡ್ಡಿಯ ಕಲ್ಲಿನ ಮೇಲೆ ಕೂತು, ಎದ್ದು ಹೋದರು. ಎಂಟನೆಯ ದಿನ ಮೈಲಾರವ್ವ, “ಬಿಸಲಾಗ ಕುಂತೀರಿ. ಈಚಿ ಸರೀರಿ,” ಎಂದಳು. ಕ್ಷಮೆಯ ಮಾತನ್ನು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

*

ಪ್ರಾರ್ಥನೆ ಮುಗಿದು ಪೆಟ್ಟಿಗೆ ಕುಣಿಗಿಳಿಯಿತು.

“ಸಂಬಂಧಿಕರು ಇದ್ರ ಮೊದಲ ಮಣ್ಣು ಹಾಕಬಹುದ್ರಿ,” ಎಂದ ತರುಣ ಪಾದ್ರಿ. ಯಾರೂ ಮುಂದೆ ಬರಲಿಲ್ಲ.

ಮೈಲಾರವ್ವ ಸೆರಗು ಹೊದ್ದು ಹೊರಟಳು.

“ನಾವೇನು ಅವರಿಗೆ ಬೀಗರೇನಬೇ?” ಬೀರೇಶ ಅವಳ ತೋಳು ಹಿಡಿದ.

“ಬಿಡೋ. ಮನಿಗೆ ಹೋದಮ್ಯಾಲೆ ನಿನಗ ಎಲ್ಲಾ ಹೇಳ್ತೀನಿ.”

ಬಿಷಪ್ಪರು ಸರಿದು ದಾರಿ ಬಿಟ್ಟರು. ಅವಳು ಕುಣಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೊಗಸೆ ತುಂಬ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ. ಎಲ್ಲರೂ ಕಾಯುತ್ತಿದ್ದಂತೆ ಮಡಿಲಲ್ಲಿ ಅದನ್ನು ಸುರುವಿಕೊಂಡು, ಅದರೊಳಗಿನ ಕಲ್ಲುಹರಳುಗಳನ್ನು ಒಂದೊಂದಾಗಿ ಆರಿಸಿ ಆಚೆ ಎಸೆದಳು. ಆಮೇಲೆ ಉಳಿದ ಮೆತ್ತನೆಯ ಮಣ್ಣನ್ನು ಸದ್ದಾಗದ ಹಾಗೆ ಪೆಟ್ಟಿಗೆಯ ಮೇಲೆ ಬಿಟ್ಟಳು.