ಇಪ್ಪತ್ತೈದನೆಯ ಜಾಗ

ನವಿ ಮುಂಬಯಿಯ ಮಹಾಪೆಯ ಆ ಆಫೀಸಿನಲ್ಲಿ ಅಶ್ವತ್ಥನಾರಾಯಣರು ಬರೆದ ಸಾಲನ್ನು ಮುಟ್ಟುವ ಗಂಡಸು ಹುಟ್ಟಿರಲಿಲ್ಲ. ಆಸ್ಪತ್ರೆಗಳ ಟೋಕನ್ ಬೋರ್ಡಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಕಂಪನಿ ಅದು. ರೋಗಿಯ ಹೆಸರನ್ನು ನಕಲು ಮಾಡಿಕೊಳ್ಳುವ ಪುಟ್ಟ ಫಂಕ್ಷನ್ ಇಪ್ಪತ್ತು ವರ್ಷದ ಹಿಂದಿನ ಅವರ ಕೈಕೆಲಸ. ಹೋದ ವರ್ಷ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಬೋರ್ಡು ಪದೇ ಪದೇ ನಿಂತಾಗ, ತಪ್ಪು ವಸಂತನ ಹೊಸ ಕೋಡಿನದೆಂದು ವರದಿಗೆ ಸಹಿ ಹಾಕಿದವರೂ ಅವರೇ. ವಸಂತನ ಕೆಲಸ ಹೋಯಿತು. ಅವನ ಕೋಡನ್ನೂ ಕಿತ್ತು ಹಾಕಿದರು.

ಇವತ್ತು ವಾಶಿಯ ಆಸ್ಪತ್ರೆಯಲ್ಲಿ ಬೋರ್ಡು ಮತ್ತೆ ನಿಂತಿತ್ತು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಕಿರಿಯ ಸಹೋದ್ಯೋಗಿ ಅಪೇಕ್ಷಾ ಲ್ಯಾಪ್‌ಟಾಪ್ ಅವರತ್ತ ತಿರುಗಿಸಿದಳು.

"ಸರ್, ಯೇ ದೇಖೋ. ಹೆಸರಲ್ಲಿ ಎಷ್ಟು ಅಕ್ಷರನೋ ಅಷ್ಟೇ ಜಾಗ ಕೇಳಿದೀರ. ಕೊನೇ ಸೊನ್ನೆ ಕಹಾಂ ಬೈಠೇಗಾ?"

ಆ ಸೊನ್ನೆ ಲೋಕಲ್ ರೈಲಿನ ಕೊನೆಯ ಡಬ್ಬಿಯ ಗಾರ್ಡ್ ಇದ್ದ ಹಾಗೆ. ಹೆಸರು ಇಲ್ಲಿಗೆ ಮುಗಿಯಿತು ಎಂದು ತೋರಿಸುವುದೇ ಅದರ ಕೆಲಸ. ಕಂಪ್ಯೂಟರು ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಒಂದಿಷ್ಟು ಹೆಚ್ಚೇ ಜಾಗ ಕೊಡುವುದರಿಂದ, ಇಷ್ಟು ವರ್ಷ ಸೊನ್ನೆ ಪುಕ್ಕಟೆ ಸೀಟಿನಲ್ಲಿ ಕೂತಿತ್ತು. ಬಿ. ಎನ್. ವಸಂತ್ ಎಂದು ಇನಿಷಿಯಲ್ ಬರೆದು ಪರೀಕ್ಷಿಸುವ, ಬೆಂಗಳೂರಿನಿಂದ ಬಂದ ಅಶ್ವತ್ಥನಾರಾಯಣರಂಥವರಿಗೆ ಇದು ಹೊಳೆಯುವುದಾದರೂ ಹೇಗೆ? ಇಲ್ಲಿನವರು ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಬರೆಸುತ್ತಾರೆ. ಯಜ್ಞೇಶ್ವರ ಲೋಕನಾಥ ಪಾಟೀಲ್. ಇಂಗ್ಲಿಷಿನಲ್ಲಿ, ನಡುವಿನ ಖಾಲಿಯೂ ಸೇರಿ, ಸರಿಯಾಗಿ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕು ಕೇಳಿದರೆ ಮಾತ್ರ ಕಂಪ್ಯೂಟರು ಹೆಚ್ಚಿಗೆ ಕೊಡುವುದಿಲ್ಲ; ಸಿಕ್ಕ ಜಾಗವೂ ಇಪ್ಪತ್ತನಾಲ್ಕೇ. ಸೊನ್ನೆ ಹೋಗಿ ಪಕ್ಕದವರ ತೊಡೆಯ ಮೇಲೆ ಕೂತು ಬೋರ್ಡನ್ನೇ ನಿಲ್ಲಿಸಿತ್ತು.

"ಕಲ್ಯಾಣದಲ್ಲೂ ಇದೇನಾ?"

"ಲಾಗ್ ನೋಡ್ದೆ ಸರ್. ನಿಂತಾಗೆಲ್ಲ ಹೆಸರು ಇಪ್ಪತ್ತನಾಲ್ಕರದ್ದೇ."

ಅಶ್ವತ್ಥನಾರಾಯಣರಿಗೆ ನಾಚಿಕೆ ಬರಬೇಕಿತ್ತು, ಬರಲಿಲ್ಲ. ಎದೆಗೇ ಜೋಮು ಹಿಡಿದಂತಿತ್ತು. ಕೋಡಿನಲ್ಲಿ ಕೇಳುವ ಜಾಗಕ್ಕೆ ಒಂದು ಕೂಡಿಸಿ, ಭಿವಂಡಿಯ ಗೋದಾಮಿನಲ್ಲಿ ಈಗ ಡಬ್ಬ ಎಣಿಸುತ್ತಿರುವ ವಸಂತನಿಗೆ ಫೋನ್ ಮಾಡಿದರು.

"ತಪ್ಪು ನಂದೇ ಕಣಯ್ಯಾ. ಆ ಕಾಪಿ ಫಂಕ್ಷನ್ನು."

"ಗೊತ್ತು ಸಾರ್. ಆವತ್ತೇ ಹೇಳೋಕ್ ಬಂದೆ. 'ನೀನು ಚಡ್ಡಿ ಹಾಕ್ತಿದ್ದಾಗ ಬರ್ದಿದ್ದು, ಕೈ ಹಾಕ್ಬೇಡ' ಅಂದ್ರಿ."

"ಈಗೇನ್ ಮಾಡ್ಲಿ?"

"ನನ್ ಕಿವೀಲಿ ಹೇಳಿದ್ರೆ ಏನ್ ಬಂತು? ನೀವು ಸಹಿ ಹಾಕಿದ್ದು ಕಾಗದದ ಮೇಲೆ. ಇಡ್ತೀನಿ, ಲಾರಿ ಬಂತು."

ಹಳೆಯ ವರದಿ ತೆರೆದರು. ಕೆಳಗೆ, 'ತಪ್ಪು ವಸಂತನದಲ್ಲ, ನನ್ನದು' ಎಂದು ಬರೆದು ಯಜಮಾನ ಸರ್ವೋತ್ತಮರಿಗೆ ಕಳಿಸಿದರು.

"ಭೇಜ್ ದಿಯಾ? ಸರ್, ರಿಟೈರ್‌ಮೆಂಟಿಗೆ ಒಂದೇ ತಿಂಗಳಿತ್ತಲ್ಲ!"

"ಹೂಂ."

ಅರ್ಧ ಲೋಟದ ಕಟಿಂಗ್ ಚಹಾ ಬಂತು. ಕುಡಿದರು. ಸಕ್ಕರೆ ಇತ್ತೋ ಇಲ್ಲವೋ, ತಿಳಿಯಲಿಲ್ಲ.