ಮಡಿಲು ಹುಡುಕಿದ ನಾಯಿ

ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವುದು ಆ ಅಣ್ಣತಮ್ಮಂದಿರಿಬ್ಬರ ಕಸುಬು. ಮೊದಲು ಇದ್ದದ್ದು ಒಂದೇ ಅಂಗಡಿ. ಒಮ್ಮೆ ತಮ್ಮ ಹೊಲಿದ ದಿಂಬನ್ನು ಅಣ್ಣ ಗಿರಾಕಿಯ ಎದುರಿಗೇ ಎತ್ತಿ ಹಿಡಿದು, “ಇದೇನು ಕುಶನ್ನೋ, ಹಿಟ್ಟಿನ ಮೂಟೆಯೋ?” ಅಂದುಬಿಟ್ಟ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ತಮ್ಮನ ಎದೆಗೆ ಚುಚ್ಚಿತು. ಆ ವಾರವೇ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಹಿಂದಿನ ಮನೆಯೂ ಎರಡು ಭಾಗವಾಯಿತು. “ಆ ಮನೆ ಸುದ್ದಿ ಈ ಮನೇಲಿ ಯಾರೂ ಎತ್ತಕೂಡದು,” ಎಂದು ತಮ್ಮನು ತನ್ನ ಹೆಂಡತಿಗೂ ಮಗಳಿಗೂ ಕಟ್ಟಪ್ಪಣೆ ಮಾಡಿದ.

ಹೀಗೆ ಕೆಲವು ವರ್ಷ ಕಳೆದ ಮೇಲೆ ತಮ್ಮನ ಮನೆಗೆ ನಾಯಿ ಬಂತು. ಮಗಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಊರು ಬಿಟ್ಟು ಹೊರಟ ಯಾರೋ ಅಲ್ಲಿ ಬಿಟ್ಟುಹೋದ ಸ್ಪೇನಿಯಲ್ ಅದು. ಸ್ಪೇನಿಯಲ್‌ಗಳಲ್ಲೇ ಪುಟ್ಟ ಜಾತಿ. ಬಿಳಿ ಮೈ, ಕಂದು ಮಚ್ಚೆ, ಕೆನ್ನೆಯ ಎರಡೂ ಕಡೆ ಇಳಿಬಿದ್ದ ರೇಷ್ಮೆಯಂಥ ಕಿವಿ. ಸೋಫಾದ ಬೆನ್ನಿಗೆ ಒತ್ತಿ ಕೂರಿಸಿದ ಗುಂಡಿಗಳಂತೆ ಕಣ್ಣು. ಹಾಗಾಗಿ ಬಟನ್ ಎಂದೇ ಹೆಸರಾಯಿತು.

“ಅಪ್ಪಾ, ಇವು ಅರಮನೇಲಿ ಬೆಳೆದ ಜಾತಿ,” ಎಂದಳು ಮಗಳು. “ರಾಜರ ಜೊತೆ ಸಭೆಗೂ ಹೋಗ್ತಿದ್ವಂತೆ. ರಾಣಿಯರು ಚಳಿಗೆ ಮಡಿಲಲ್ಲಿ ಇಟ್ಕೊಳ್ಳೋರಂತೆ. ಹೊಟ್ಟೆನೋವು ಅಂದ್ರೆ ವೈದ್ಯರೇ ಹೊಟ್ಟೆ ಮೇಲೆ ಈ ನಾಯಿ ಮಲಗಿಸ್ಕೊಳ್ಳಿ ಅಂತಿದ್ರಂತೆ.”

“ಕಾವಲು ಕಾಯುತ್ತಾ?”

“ಕಾವಲಾ? ಕಳ್ಳ ಬಂದ್ರೆ ಅವನ ತೊಡೆ ಮೇಲೂ ಹತ್ತಿ ಕೂರುತ್ತೆ. ಇದಕ್ಕೆ ಯಾರೂ ಪರಕೀಯರಲ್ಲ.”

ಕೊನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. ಅರಮನೆ ಎಂಬುದೊಂದೇ ತಲೆಯಲ್ಲಿ ಉಳಿಯಿತು. ಬಟ್ಟೆ ಆರಿಸಲು ಬಂದ ಗಿರಾಕಿಗಳಿಗೆಲ್ಲ, ಪಕ್ಕದ ಅಂಗಡಿಗೂ ಕೇಳಿಸುವಂತೆ, “ರಾಜರ ನಾಯಿ ಸ್ವಾಮಿ! ನೆಲದ ಮೇಲೆ ಮಲಗೋ ಜಾತಿಯಲ್ಲ,” ಎಂದು ಕೊಚ್ಚಿಕೊಂಡ.

ಕೆಲವೇ ದಿನಗಳಲ್ಲಿ ಬಟನ್ ಮಧ್ಯಾಹ್ನ ಕಾಣೆಯಾಗತೊಡಗಿತು. ಸಂಜೆ ತಾನಾಗಿಯೇ ಬರುತ್ತಿತ್ತು. ಬಂದಾಗ ಮೈಯೆಲ್ಲ ನೋವಿನ ಮುಲಾಮಿನ ವಾಸನೆ. ಒಂದು ದಿನ ಅವನು ಹಿತ್ತಿಲಿಗೆ ಹೋಗಿ ನೋಡಿದ. ನಾಯಿ ಬೇಲಿಯ ಸಂದಿಯಲ್ಲಿ ನುಸುಳಿ ಅಣ್ಣನ ಮನೆಯೊಳಗೆ ಹೋಗುತ್ತಿತ್ತು. ಅವನ ಮೈ ಉರಿದುಹೋಯಿತು.

ಬೀದಿಗೆ ಬಂದು ಅಣ್ಣನ ಅಂಗಡಿ ಮುಂದೆ ನಿಂತ. “ಏಯ್, ಹೊರಗೆ ಬಾರೋ! ಕೊನೆಗೆ ನಾಯಿ ಕದಿಯೋ ಮಟ್ಟಕ್ಕೂ ಇಳಿದ್ಯಾ? ತಿಂಡಿ ಆಸೆ ತೋರಿಸಿ ಬುಟ್ಟಿಗೆ ಹಾಕ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ?”

ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಬಂದ. ಸೈಕಲ್ ಮೇಲೆ ಹೋಗುತ್ತಿದ್ದವರು ಕಾಲು ಊರಿ ನಿಂತರು. ಅಣ್ಣ ಬಾಯಲ್ಲಿ ಕಚ್ಚಿಕೊಂಡಿದ್ದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ. ಆಮೇಲೆ, “ಒಳಗಿದೆ. ಹೋಗಿ ಕರ್ಕೋ,” ಅಂದ. ಅಷ್ಟೇ.

ಚಪ್ಪಲಿಯನ್ನೂ ಬಿಡದೆ ತಮ್ಮ ಒಳಗೆ ನುಗ್ಗಿದ.

ಕಿಟಕಿಯ ಪಕ್ಕದ ಮಂಚದಲ್ಲಿ ಯಾರೋ ಮಲಗಿದ್ದರು. ಅದು ಅತ್ತಿಗೆ ಎಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ತಲೆಗೂದಲು ಉದುರಿಹೋಗಿತ್ತು, ಕೆನ್ನೆ ಒಳಗೆ ಸೇರಿತ್ತು. ಹೊದಿಕೆಯ ಮೇಲೆ, ಅವಳ ಹೊಟ್ಟೆಗೆ ಒತ್ತಿಕೊಂಡು ಬಟನ್ ಮಲಗಿತ್ತು. ಅವನು ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ತಾಯಿಯಿಲ್ಲದ ಅವನಿಗೆ ತಲೆ ಬಾಚಿ ಕಳಿಸುತ್ತಿದ್ದವಳು.

“ಬಾ ಪುಟ್ಟ,” ಎಂದಳು. “ನೀನೇ ಇದನ್ನ ದಿನಾ ಕಳಿಸ್ತಿದೀಯ ಅಂದ್ಕೊಂಡಿದ್ದೆ ಕಣೋ. ಮಾತು ಬಿಟ್ರೇನು, ನಾಯಿ ಕಳಿಸ್ತಾನೆ ಅಂತ ಇವ್ರ ಹತ್ರ ಹೇಳ್ತಿದ್ದೆ. ಈಗ ನೀನು ಹೊರಗೆ ಕೂಗಿದ್ದು ಕೇಳಿಸ್ತು.” ಆ ದನಿಯಲ್ಲಿ ಕೋಪವಿರಲಿಲ್ಲ. “ಪರವಾಗಿಲ್ಲ, ಕರ್ಕೊಂಡು ಹೋಗು.”

ಏನು ಮಾಡಬೇಕೆಂದು ತೋಚದೆ ಅವನು ಕೈ ಚಾಚಿದ. ಬಟನ್ ಬಾಲ ಅಲ್ಲಾಡಿಸುತ್ತಾ, ಅವಳನ್ನು ಬಿಟ್ಟು ಅವನ ತೋಳಿಗೆ ಹಾರಿಯೇ ಬಂತು. ಇದುವರೆಗೆ ನಾಯಿಯ ಬೆನ್ನಿನ ಮೇಲಿದ್ದ ಅವಳ ಕೈ ಹೊದಿಕೆಯ ಮೇಲೆ ಖಾಲಿ ಬಿದ್ದಿತು. ಅವನು ನಾಯಿಯನ್ನು ಮತ್ತೆ ಅಲ್ಲೇ ಇಳಿಸಿ, ಹಿತ್ತಿಲ ಬಾಗಿಲಿನಿಂದ ಹೊರಟುಹೋದ. ಬೀದಿಯವರ ಮುಖ ನೋಡುವ ಧೈರ್ಯವಿರಲಿಲ್ಲ.

“ಅತ್ತಿಗೆಗೆ ಹುಷಾರಿಲ್ಲ ಅಂತ ನಿನಗೆ ಗೊತ್ತಿತ್ತಾ?” ಎಂದು ಹೆಂಡತಿಯನ್ನು ಕೇಳಿದ.

“ಗೊತ್ತಿತ್ತು.”

“ಹೇಳೋಕೇನಾಗಿತ್ತು?”

“ಆ ಮನೆ ಸುದ್ದಿ ಎತ್ತಬೇಡಿ ಅಂದೋರು ಯಾರು?” ಎಂದು ಅವಳು ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಮರುದಿನದಿಂದ ಮಧ್ಯಾಹ್ನ ಬೇಲಿಯ ಹತ್ತಿರ ತಾನೇ ನಾಯಿಯನ್ನು ಆಚೆ ದಾಟಿಸುತ್ತಿದ್ದ. ಒಳಗೆ ಮಾತ್ರ ಹೋಗುತ್ತಿರಲಿಲ್ಲ. ತಪ್ಪಾಯಿತು ಎಂಬ ಒಂದು ಮಾತನ್ನು ದಿನವೂ ಬೇಲಿಯವರೆಗೆ ತಂದು, ಹಾಗೇ ಹಿಂದಕ್ಕೆ ಒಯ್ಯುತ್ತಿದ್ದ.

ಒಂದು ಬೆಳಗ್ಗೆ ಗಡ್ಡ ಮಾಡಿಸಿಕೊಳ್ಳಲು ಕೂತಿದ್ದಾಗ ಕ್ಷೌರಿಕ ನಗುತ್ತಾ, “ನಿಮ್ಮಣ್ಣ ಈಗಷ್ಟೇ ಹೋದ್ರು. ಬಂದು ಕೂರೋವಾಗಲೇ ‘ನಾಯಿಕಳ್ಳ ಬಂದಿದೀನಪ್ಪ, ಕತ್ತರಿ ಜೋಪಾನ’ ಅಂದ್ರು. ಬೀದೀಲಿ ಎಲ್ಲಾ ಹಾಗೇ ಕರೀತಾರೆ, ಪಾಪ ಅವ್ರೂ ನಗ್ತಾರೆ,” ಎಂದ. ಕಾಯುತ್ತಾ ಕೂತಿದ್ದವರೂ ನಕ್ಕರು.

ಅರ್ಧ ನೊರೆ ಮೆತ್ತಿದ ಮುಖದಲ್ಲೇ ಅವನು ಎದ್ದು ನಿಂತ. “ಅಣ್ಣ ಕದ್ದಿಲ್ಲ. ನಾನು ಸುಳ್ಳು ಹೊರಿಸಿದೆ. ಒಳಗೆ ಅತ್ತಿಗೆ ಹಾಸಿಗೆ ಹಿಡಿದಿದ್ರು, ನಾಯಿ ಅವ್ರ ಹತ್ರ ತಾನಾಗೇ ಹೋಗಿ ಮಲಗ್ತಿತ್ತು. ಒಂದು ಹಲಗೆ ಆಚೆ ಇದ್ದ ನನಗೆ ಅದೂ ಗೊತ್ತಿರಲಿಲ್ಲ. ಇನ್ಮೇಲೆ ಯಾರೂ ಅವನನ್ನ ಹಾಗೆ ಕರೀಬೇಡಿ.”

ಹೆಗಲ ಮೇಲಿನ ಟವೆಲಿನಿಂದ ನೊರೆ ಒರೆಸಿಕೊಂಡು ಹೊರಗೆ ನಡೆದ.

ಮಧ್ಯಾಹ್ನ ಬೇಲಿಯ ಹತ್ತಿರ ಅಣ್ಣ ನಿಂತಿದ್ದ. “ಕಟಿಂಗ್ ಅಂಗಡೀಲಿ ಭಾಷಣ ಬಿಗಿದ್ಯಂತೆ.”

“ಹೂಂ.”

“ಅವಳ ಹತ್ರ ಹೇಳಿದ್ಯಾ?”

“ಇಲ್ಲಣ್ಣ.”

“ಊರಿಗೆಲ್ಲ ಹೇಳೋಕೆ ಮುಂಚೆ ಅಲ್ಲಿ ಹೇಳ್ಬೇಕಿತ್ತು.” ಅಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮುಖ ಇನ್ನೂ ಬಿಗಿದೇ ಇತ್ತು.

ಅವನು ಒಳಗೆ ಹೋದ. ಅತ್ತಿಗೆ ನಿದ್ದೆಯಲ್ಲಿದ್ದಳು. ಬಟನ್ ಮಂಚ ಹತ್ತಿ ತನ್ನ ಜಾಗ ಹಿಡಿಯಿತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಾ, ಕೆಡಿಸುತ್ತಾ, ಅವಳು ಕಣ್ಣು ಬಿಡುವುದನ್ನೇ ಕಾಯುತ್ತಾ ಅವನು ನೆಲದ ಮೇಲೆ ಕೂತ.