ಏಳನೆಯ ಪುಡಿ

ರಾಣೆಬೆನ್ನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಪುಷ್ಪಲತಾಳ ಕಾಲು ಒಂದು ತಿಂಗಳಿಂದ ನೆಲಕ್ಕೆ ತಾಗುತ್ತಿರಲಿಲ್ಲ. ಕಾರಣ, ಏಳನೆಯ ಪುಡಿ.

ಬಿಸಿಲಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಉರುವಲು ಅನಿಲವಾಗಿಸುವ ವೇಗವರ್ಧಕ ಯಾವುದೆಂದು ಅವಳ ಕಂಪ್ಯೂಟರ್ ಸೂಚಿಸುತ್ತಿತ್ತು. ಅವಳು ಆ ಪುಡಿ ತಯಾರಿಸಿ, ಮಾಳಿಗೆಯ ಬಿಸಿಲಿಗಿಟ್ಟು, ಬಂದ ಅನಿಲ ಅಳೆದು, ಅಂಕಿಯನ್ನು ಅದಕ್ಕೇ ಉಣಿಸುತ್ತಿದ್ದಳು. ಅದು ಕಲಿತು ಮುಂದಿನದನ್ನು ಹೇಳುತ್ತಿತ್ತು. ಮೊದಲ ಆರು ಪುಡಿಗಳು ಶುದ್ಧ ಸೋಮಾರಿಗಳು. ಏಳನೆಯದು ಹತ್ತುಪಟ್ಟು ಅನಿಲ ಕೊಟ್ಟಿತು. ಅಂದಿನಿಂದ ಕಂಪ್ಯೂಟರ್ ಏಳರ ಅಣ್ಣತಮ್ಮಂದಿರನ್ನೂ ಬೀಗರನ್ನೂ ಷಡ್ಡಕರನ್ನೂ ಸೂಚಿಸಿದ್ದೇ ಸೂಚಿಸಿದ್ದು. ಅವರಲ್ಲಿ ಒಬ್ಬರೂ ಕೆಲಸಕ್ಕೆ ಬರಲಿಲ್ಲ.

ಸೋಮವಾರ ಹಾವೇರಿಯಲ್ಲಿ ತಜ್ಞರ ಸಭೆ. ಅವರು ಒಪ್ಪಿದರಷ್ಟೇ ಸಂಶೋಧನೆ ಮುಂದುವರಿಯುವುದು. ಪ್ರಾಂಶುಪಾಲ ಸಿದ್ದಲಿಂಗಪ್ಪನವರು ಆಗಲೇ ಪುಡಿಯ ಫೋಟೊ ಹಾಕಿ ಬ್ಯಾನರ್ ಮಾಡಿಸಿದ್ದರು.

ಶುಕ್ರವಾರ ಪುಷ್ಪಲತಾ ಮನಸ್ಸು ತಡೆಯದೆ ಇನ್ನೊಂದು ಪರೀಕ್ಷೆ ಮಾಡಿದಳು. ಡೈಆಕ್ಸೈಡ್ ಬಿಟ್ಟು ಬರೀ ಸಾರಜನಕ ತುಂಬಿ ಏಳನೆಯ ಪುಡಿಯನ್ನು ಬಿಸಿಲಿಗಿಟ್ಟಳು. ಏನೂ ಬರಬಾರದಿತ್ತು. ಮೊದಲಿನಷ್ಟೇ ಅನಿಲ ಬಂತು. ಅಂದರೆ ಇಂಗಾಲ ಪುಡಿಯೊಳಗೇ ಇತ್ತು.

ಬ್ಯಾಡಗಿಯಿಂದ ದಿನಾ ಬಸ್ಸಿಗೆ ಬರುವ, ಪ್ರಯೋಗಾಲಯದ ಹಿರಿಯ ಸಹಾಯಕನನ್ನು ಕರೆದಳು.

"ಕೊಟ್ರೇಶಣ್ಣ, ಏಳನೇದು ಅರದಾವ್ರು ನೀವ ಅಲ್ಲ?"

"ಹೌದ್ರಿ ಮೇಡಂ. ಗಂಧದಂಗ ನುಣ್ಣಗ ಬೇಕಂದಿದ್ರಿ. ಕಾಲೇಜಿನ ಕಲ್ಲು ಸೀಳಿತ್ತು. ಹೊಸಾದು ಬರೂತನಕ ಯಾಕ ಕಾಯೋದಂತ ಮನೀಗೆ ಒಯ್ದು ನಮ್ಮ ಒರಳಾಗ ಅರದು ತಂದೆ. ಎಂಟನೇದಕ್ಕ ಹೊಸಾ ಕಲ್ಲು ಬಂತು."

"ಆ ಒರಳಾಗ ಏನೇನು ಅರೀತೀರಿ?"

"ಬ್ಯಾಡಗ್ಯಾಗ ಮೆಣಸಿನಕಾಯಿ ಬಿಟ್ಟು ಮತ್ತೇನ್ ಅರೀತಾರ್ರಿ? ಮೂರು ಸಲ ತೊಳದೇನಿ ಖರೇ! ಬಣ್ಣಾನೂ ಎಷ್ಟು ಚಲೋ ಬಂದಿತ್ತು, ನೀವ ಹೊಗಳಿದ್ರಿ."

ಪುಷ್ಪಲತಾ ನೋಟ್‌ಬುಕ್ ತೆರೆದಳು. ಅವಳದೇ ಅಕ್ಷರ: "ತಿಳಿ ಗುಲಾಬಿ. ಲೋಹದ ವಿಶೇಷ ಗುಣವಿರಬೇಕು."

"ಅಲ್ರೀ, ಒಂದು ತಿಂಗಳು ನಿಮ್ಮ ಮನೀ ಖಾರ ಬಿಸಲಿಗಿಟ್ಟು ಕುಣದಾಡೇನಲ್ರೀ!"

ಸೋಮವಾರ ಹಾವೇರಿಯಲ್ಲಿ ಅವಳು ಒರಳಿನಿಂದಲೇ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಸಿದ್ದಲಿಂಗಪ್ಪನವರು ಸದ್ದಿಲ್ಲದೆ ಬ್ಯಾನರ್ ಸುತ್ತಿಕೊಂಡರು. ತಜ್ಞರಲ್ಲಿ ಹಿರಿಯರಾದ ಆಯಿಶಾ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಮುಂಜಾನಿಂದ ಬಂದಾವ್ರೆಲ್ಲಾ ಗೆದ್ದದ್ದ ಹೇಳ್ಯಾರ. ತನ್ನ ತಪ್ಪು ತಾನ ಹಿಡಕೊಂಡು ಬಂದಾಕಿ ನೀ ಒಬ್ಬಾಕಿನವಾ. ಇನ್ನೊಂದು ವರ್ಷ ಮಾಡು. ಆದ್ರ ಆ ಒರಳು ದೂರ ಇರ್ಲಿ."

ಮರಳಿದವಳು ಏಳರ ಅಂಕಿ ಅಳಿಸಿದಳು. ಲೋಹ, ತಾಪ, ಬಿಸಿಲು ಎಲ್ಲದಕ್ಕೂ ಕಂಪ್ಯೂಟರಿನಲ್ಲಿ ಕಾಲಂ ಇತ್ತು. ಅರೆದ ಕಲ್ಲಿಗೆ ಇರಲಿಲ್ಲ. ಪಾಪ, ಅದಕ್ಕಾದರೂ ಹೇಗೆ ಗೊತ್ತಾಗಬೇಕು? ಹೊಸ ಕಾಲಂ ಸೇರಿಸಿ, ಕೊಟ್ರೇಶಣ್ಣನ ಮುಂದೆ ಕೀಲಿಮಣೆ ಸರಿಸಿದಳು.

ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ: "ಕಾಲೇಜಿನ ಕಲ್ಲು. ತೊಳದೇನಿ. ಖಾರ ಇಲ್ಲ."